ಲಾಗ್ ಹಂಚುವ ಮರ್ಯಾದೆ: ಒಂದು ಸಣ್ಣ ಚರಿತ್ರೆ

ಕಂಪ್ಯೂಟರ್ ಕೆಟ್ಟಾಗ ನಾವು ಮಾಡುವ ಮೊದಲ ಕೆಲಸ, ಗೊತ್ತಿರುವವರನ್ನು ಕೇಳುವುದು. ಗೊತ್ತಿರುವವರು ಹೇಳುವ ಮೊದಲ ಮಾತು, "ಲಾಗ್ ಕಳಿಸಿ, ನೋಡೋಣ." ಈ ಕೇಳಿಕೆ ಮತ್ತು ಉತ್ತರದ ನಡುವೆ ನಲವತ್ತಕ್ಕೂ ಹೆಚ್ಚು ವರ್ಷಗಳ ಒಂದು ಆಚಾರ ಬೆಳೆದು ನಿಂತಿದೆ. ಏನನ್ನು ಕಳಿಸಬೇಕು, ಎಷ್ಟು ಕಳಿಸಬೇಕು, ಯಾವುದನ್ನು ಮುಚ್ಚಬೇಕು, ನೋಡಿದವರು ನೋಡಿದ್ದನ್ನು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ಯಾವ ಸರ್ಕಾರವೂ ಇದನ್ನು ಜಾರಿಗೆ ತಂದಿದ್ದಲ್ಲ. ಅಪರಿಚಿತರು ಅಪರಿಚಿತರಿಗೆ ಬಿಟ್ಟಿಯಾಗಿ ಸಹಾಯ ಮಾಡುತ್ತ ಮಾಡುತ್ತ ಕಲಿತದ್ದು.

ಫ್ರಾಂಕ್‌ಫರ್ಟ್ ಕಡೆ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನಿದ್ದೇನೆ. ಆ ಕಾರಣಕ್ಕೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲು ಕೇಳಿಬರುವ ಹೆಸರುಗಳಲ್ಲಿ ನನ್ನದೂ ಒಂದು. ಲಾಗ್ ಓದುವುದೇ ಹೊಟ್ಟೆಪಾಡಾದವನಿಗೆ ಲಾಗ್ ಕೊಡುವ ರೀತಿಯ ಬಗ್ಗೆ ಕುತೂಹಲ ಹುಟ್ಟುವುದು ಸಹಜ. ಈ ರೀತಿ ಎಲ್ಲಿಂದ ಬಂತು ಎಂದು ಹಿಂದೆ ಹೋಗಿ ಹುಡುಕಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಲಾಗ್ ಎಂದರೇನು?

ಇಂಗ್ಲಿಷಿನಲ್ಲಿ ಲಾಗ್ ಎಂದರೆ ಮರದ ತುಂಡು. 16ನೆಯ ಶತಮಾನದ ನಾವಿಕರು ಹಡಗಿನ ಹಿಂಬದಿಯಿಂದ ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಬಿಟ್ಟು, ನಿಗದಿತ ಹೊತ್ತಿನಲ್ಲಿ ಎಷ್ಟು ಹಗ್ಗ ಬಿಚ್ಚಿಕೊಂಡಿತು ಎಂದು ನೋಡಿ ಹಡಗಿನ ವೇಗ ಅಳೆಯುತ್ತಿದ್ದರು. ಹಗ್ಗಕ್ಕೆ ಹಾಕಿದ ಗಂಟುಗಳಿಂದಲೇ ಹಡಗಿನ ವೇಗಕ್ಕೆ ಇಂದಿಗೂ 'ನಾಟ್' ಎಂಬ ಲೆಕ್ಕ. ಆ ಅಳತೆ ಬರೆದಿಡುವ ಪುಸ್ತಕ ಲಾಗ್ ಪುಸ್ತಕವಾಯಿತು. ಹೆಸರು ಅಲ್ಲಿಂದ ಕಂಪ್ಯೂಟರಿಗೂ ಬಂತು.

ಕಂಪ್ಯೂಟರ್ ಲಾಗ್‌ಗಳಲ್ಲಿ ಹೆಸರುವಾಸಿಯಾದದ್ದು 1947ರ ಸೆಪ್ಟೆಂಬರ್ 9ರದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಹಾಕಿಕೊಂಡಿತ್ತು. ಕೆಲಸದಲ್ಲಿದ್ದವರು ಅದನ್ನು ತೆಗೆದು, ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಮಧ್ಯಾಹ್ನ 3 ಗಂಟೆ 45 ನಿಮಿಷ, ರಿಲೇ 70, ಪ್ಯಾನೆಲ್ ಎಫ್ ಎಂದು ಬರೆದರು. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. 'ಬಗ್' ಎಂಬ ಪದ ಅಲ್ಲೇ ಹುಟ್ಟಿತು ಎನ್ನುವುದು ತಪ್ಪು. ಥಾಮಸ್ ಎಡಿಸನ್ 1878ರಲ್ಲೇ ಆ ಪದವನ್ನು ಯಂತ್ರದೋಷಕ್ಕೆ ಬಳಸಿದ್ದ. ಆ ಪುಟದಲ್ಲಿ ನನಗೆ ಇಷ್ಟವಾಗುವುದು ಅದರ ಕ್ರಮ. ಯಾವಾಗ, ಎಲ್ಲಿ, ಏನು ಎಂಬ ಮೂರೂ ಇವೆ, ಜೊತೆಗೆ ಸಾಕ್ಷಿಯೂ ಇದೆ. ಒಳ್ಳೆಯ ಲಾಗ್‌ಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಮುಂದೆ 1980ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ತನ್ನ ಸೆಂಡ್‌ಮೇಲ್ ತಂತ್ರಾಂಶಕ್ಕಾಗಿ 'ಸಿಸ್‌ಲಾಗ್' ಬರೆದ. ಒಂದು ತಂತ್ರಾಂಶಕ್ಕೆಂದು ಮಾಡಿದ ವ್ಯವಸ್ಥೆ ಯೂನಿಕ್ಸ್ ಲೋಕಕ್ಕೆಲ್ಲ ಹಬ್ಬಿತು. ಅಲ್ಲಿಂದ ಯಂತ್ರಗಳು ನಮ್ಮನ್ನು ಕೇಳದೆಯೇ ದಿನಚರಿ ಬರೆಯತೊಡಗಿದವು.

ಪೋಸ್ಟ್‌ಕಾರ್ಡಿನ ಕಾಲ

ದಿನಚರಿಯನ್ನು ಊರಿನವರ ಮುಂದೆ ಇಡುವ ಅಭ್ಯಾಸ ಬೆಳೆದದ್ದು ಯೂಸ್‌ನೆಟ್‌ನಲ್ಲಿ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಕಲ್ಪಿಸಿದರು. 1980ರಲ್ಲಿ ಅದು ನಡೆಯತೊಡಗಿತು. ವಿಷಯಕ್ಕೊಂದು ಗುಂಪು, ಯಾರು ಬೇಕಾದರೂ ಪ್ರಶ್ನೆ ಹಾಕಬಹುದು, ಗೊತ್ತಿದ್ದವರು ಉತ್ತರಿಸಬಹುದು. ಸಂದೇಶಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೋನ್ ತಂತಿಯಲ್ಲಿ ಸಾಗುತ್ತಿದ್ದವು, ಆ ಫೋನಿನ ಬಿಲ್ಲನ್ನು ಯಾರೋ ಕಟ್ಟುತ್ತಿದ್ದರು. ಆದ್ದರಿಂದ ಆ ಕಾಲದ ಮರ್ಯಾದೆಯ ಮೊದಲ ಪಾಠ ಮಿತವ್ಯಯ. ಉದ್ದದ ಲಾಗ್ ಸುರಿಯುವುದೆಂದರೆ ಪರರ ದುಡ್ಡಿನಲ್ಲಿ ಟ್ರಂಕ್ ಕಾಲ್ ಮಾಡಿ ಹರಟೆ ಹೊಡೆದಂತೆ.

ಈ ರೂಢಿಗಳನ್ನು 1995ರ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ 'ಆರ್‌ಎಫ್‌ಸಿ 1855' ಎಂಬ ದಾಖಲೆಯಲ್ಲಿ ಒಟ್ಟುಗೂಡಿಸಿದರು. ಸಾಲಿಗೆ 65 ಅಕ್ಷರ ಮೀರಬಾರದು, ಸಹಿ ನಾಲ್ಕು ಸಾಲಿಗಿಂತ ಉದ್ದ ಇರಬಾರದು, 50 ಕಿಲೋಬೈಟ್‌ಗಿಂತ ದೊಡ್ಡ ಫೈಲ್ ಕಳಿಸಬಾರದು ಎಂದು ಅದರಲ್ಲಿದೆ. ಈಗಿನ ಮಕ್ಕಳಿಗೆ 50 ಕಿಲೋಬೈಟ್ ಎಂದರೆ ನಗು ಬರಬಹುದು. ಸೆಕೆಂಡಿಗೆ 2400 ಬಿಟ್ ಸಾಗಿಸುವ ಮೋಡೆಮ್‌ನಲ್ಲಿ ಅದು ಬಂದು ಮುಟ್ಟಲು ಮೂರು ನಿಮಿಷದ ಹತ್ತಿರ ಹಿಡಿಯುತ್ತಿತ್ತು. ಅದೇ ದಾಖಲೆಯಲ್ಲಿ ಇನ್ನೊಂದು ಬುದ್ಧಿಮಾತಿದೆ: ಪೋಸ್ಟ್‌ಕಾರ್ಡಿನ ಮೇಲೆ ಬರೆಯಲಾಗದ್ದನ್ನು ಇಮೇಲ್‌ನಲ್ಲೂ ಬರೆಯಬೇಡಿ. ಊರಿನ ಅಂಚೆಯಣ್ಣ ಕಾರ್ಡನ್ನು ಓದಿಯೇ ಕೊಡುತ್ತಿದ್ದ ಕಾಲ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲಿನ ಉದ್ದದ ನಿಯಮ ಹಳತಾಯಿತು. ಪೋಸ್ಟ್‌ಕಾರ್ಡಿನ ಮಾತು ಹಳತಾಗಿಲ್ಲ.

ಲಕ್ಷಣ ಹೇಳಿ, ರೋಗದ ಹೆಸರು ಬೇಡ

ತಂತಿಯ ಬೆಲೆ ಇಳಿದಂತೆ ಇನ್ನೊಂದರ ಬೆಲೆ ಏರಿತು: ಸಹಾಯ ಮಾಡುವವರ ಸಮಯ. 1999ರಲ್ಲಿ ಸೈಮನ್ ಟ್ಯಾಥಮ್ ದೋಷವನ್ನು ವರದಿ ಮಾಡುವುದು ಹೇಗೆಂದು ಒಂದು ಪ್ರಬಂಧ ಬರೆದ. ನಮ್ಮಲ್ಲಿ ಅನೇಕರು ಆಫೀಸಿನಲ್ಲಿ ದಿನವೂ ಬಳಸುವ 'ಪುಟ್ಟಿ' ತಂತ್ರಾಂಶದ ಕರ್ತೃ ಈತನೇ. 2001ರಲ್ಲಿ ಎರಿಕ್ ರೇಮಂಡ್ ಮತ್ತು ರಿಕ್ ಮೊಯೆನ್ ಜಾಣತನದಿಂದ ಪ್ರಶ್ನೆ ಕೇಳುವ ಬಗೆ ಕುರಿತು ಮತ್ತೊಂದು ಬರೆದರು. ಎರಡರ ಒಟ್ಟು ಸಾರ ನಮ್ಮ ಹಳ್ಳಿಯ ಡಾಕ್ಟರುಗಳಿಗೆ ಗೊತ್ತಿದ್ದದ್ದೇ. "ನನಗೆ ಟೈಫಾಯ್ಡ್ ಆಗಿದೆ, ಔಷಧಿ ಕೊಡಿ" ಎಂದು ರೋಗಿ ಹೇಳಬಾರದು. "ನಾಲ್ಕು ದಿನದಿಂದ ಸಂಜೆ ಜ್ವರ" ಎನ್ನಬೇಕು. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂದು ಹೇಳಿ. ಪರದೆಯ ಮೇಲೆ ಬಂದ ದೋಷಸಂದೇಶವನ್ನು ಅಕ್ಷರ ಬಿಡದೆ ಕೊಡಿ. "ಏನೋ ಎರರ್ ಬಂತು" ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

ರೇಮಂಡ್ ಮತ್ತು ಮೊಯೆನ್ ಹೇಳಿದ ಇನ್ನೊಂದು ಮಾತನ್ನು ಬಹಳ ಜನ ಮರೆಯುತ್ತಾರೆ. ಸಮಸ್ಯೆ ಬಗೆಹರಿದ ಮೇಲೆ ಹೇಗೆ ಬಗೆಹರಿಯಿತೆಂದು ಒಂದು ಸಾಲು ಬರೆದು ಹೋಗಬೇಕು. 2011ರಲ್ಲಿ ರ‍್ಯಾಂಡಲ್ ಮನ್ರೋ ತನ್ನ 'ಎಕ್ಸ್‌ಕೆಸಿಡಿ' ವ್ಯಂಗ್ಯಚಿತ್ರದಲ್ಲಿ ಇದನ್ನೇ ಚಿತ್ರಿಸಿದ್ದಾನೆ. ಅಪರೂಪದ ದೋಷವೊಂದನ್ನು ಹುಡುಕಿದವನಿಗೆ ಸಿಗುವುದು ಒಂದೇ ಒಂದು ಹಳೆಯ ಪ್ರಶ್ನೆ, 2003ರದ್ದು. ಅದಕ್ಕೆ ಉತ್ತರವೇ ಇಲ್ಲ. ಬಾವಿಯಿಂದ ನೀರು ಸೇದಿಕೊಂಡವರು ಹಗ್ಗವನ್ನೂ ಮನೆಗೆ ಒಯ್ದಂತೆ.

ಕಡತ ಶಾಸನವಾದದ್ದು

ಕಂಪ್ಯೂಟರಿನ ಫೈಲ್‌ಗೆ ನಾವು ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಹಳೆಯ ಕಡತ ಬಟ್ಟೆಯದು. ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಕಾರರಿಗೆ ಆಕರ. ಕಡತವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಕಲ್ಲಿನ ಶಾಸನದ ಹಾಗಲ್ಲ. ಯೂಸ್‌ನೆಟ್‌ನ ಸಂದೇಶಗಳೂ ಮೊದಲು ಕಡತದ ಜಾತಿಯವೇ. ಸರ್ವರ್‌ನಲ್ಲಿ ಜಾಗವಿಲ್ಲದ್ದರಿಂದ ಕೆಲವು ದಿನ, ಕೆಲವು ವಾರಗಳಲ್ಲಿ ಅಳಿಸಿಹೋಗುತ್ತಿದ್ದವು. ಬರೆದವರೂ ಹಾಗೆಂದೇ ನಂಬಿ ಬರೆದಿದ್ದರು.

1995ರಲ್ಲಿ 'ಡೇಜಾ ನ್ಯೂಸ್' ಈ ಸಂದೇಶಗಳನ್ನು ಕೂಡಿಟ್ಟು ಹುಡುಕಲು ಅನುವು ಮಾಡಿಕೊಟ್ಟಿತು. 2001ರ ಫೆಬ್ರವರಿಯಲ್ಲಿ ಗೂಗಲ್ ಆ ಸಂಗ್ರಹವನ್ನು ಕೊಂಡಿತು; ಅದೇ ವರ್ಷದ ಕೊನೆಗೆ 1981ರವರೆಗಿನ ಹಳೆಯ ಸಂದೇಶಗಳನ್ನೂ ಸೇರಿಸಿ ಎಲ್ಲರ ಮುಂದಿಟ್ಟಿತು. ಸಂತೆಯಲ್ಲಿ ಆಡಿದ ಮಾತು ಹೀಗೆ ಕಲ್ಲಿನ ಮೇಲೆ ಕೂತಿತು. ವಿದ್ಯಾರ್ಥಿಯಾಗಿದ್ದಾಗ ಕಾಲೇಜಿನ ಕಂಪ್ಯೂಟರಿನ ಹೆಸರು ಸಮೇತ ಲಾಗ್ ಹಾಕಿದ್ದವನು ಈಗ ಕೆಲಸಕ್ಕೆ ಅರ್ಜಿ ಹಾಕುವ ಉದ್ಯೋಗಿ. ಅವನ ಹೆಸರು ಹುಡುಕಿದರೆ ಅದೂ ಬರುತ್ತದೆ.

ಇದೇ ಹೊತ್ತಿಗೆ ಐಆರ್‌ಸಿ ಎಂಬ ಹರಟೆಕಟ್ಟೆಯಲ್ಲೂ ತೊಂದರೆ ಇತ್ತು. 1988ರಲ್ಲಿ ಫಿನ್ಲೆಂಡಿನ ಯಾರ್ಕೊ ಓಯಿಕರಿನೆನ್ ಕಟ್ಟಿದ ಈ ವ್ಯವಸ್ಥೆಯಲ್ಲಿ ಯಾರಾದರೂ ಇನ್ನೂರು ಸಾಲಿನ ಲಾಗ್ ಅಂಟಿಸಿದರೆ ಉಳಿದವರ ಮಾತೆಲ್ಲ ಪರದೆಯಿಂದ ಕೊಚ್ಚಿಹೋಗುತ್ತಿತ್ತು. ಲಾಗ್ ಬೇರೆಲ್ಲಾದರೂ ಇಟ್ಟು ಕೊಂಡಿ ಮಾತ್ರ ಕೊಡಿ ಎಂಬ ನಿಯಮ ಬಂತು. ಪಾಲ್ ಡಿಕ್ಸನ್ 2002ರಲ್ಲಿ ಶುರುಮಾಡಿದ 'ಪೇಸ್ಟ್‌ಬಿನ್' ಅದಕ್ಕೆ ಅನುಕೂಲವಾಯಿತು. ಉಳಿದವರಿಗೆ ತೊಂದರೆಯಾಗದಿರಲಿ ಎಂಬ ಒಳ್ಳೆಯ ಮರ್ಯಾದೆಯೇ ಹೊಸ ಅಪಾಯ ತಂದಿತು. ಕಟ್ಟೆಯ ಹರಟೆ ಮುಗಿದರೂ ಪಕ್ಕದಲ್ಲಿ ಇಟ್ಟ ಲಾಗ್ ಎಲ್ಲರಿಗೂ ಕಾಣುವಂತೆ ಹಾಗೆಯೇ ಉಳಿಯುತ್ತಿತ್ತು.

ಹೈಜಾಕ್‌ದಿಸ್ ಮತ್ತು ಬಿಟ್ಟಿ ವೈದ್ಯರು

2003ರ ಸುಮಾರಿಗೆ ವಿಂಡೋಸ್ ಬಳಸುತ್ತಿದ್ದವರಿಗೆ ಒಂದು ಪಿಡುಗು ನೆನಪಿರಬಹುದು. ಬ್ರೌಸರ್ ತೆರೆದರೆ ನಾವು ಇಟ್ಟ ಪುಟದ ಬದಲು ಯಾವುದೋ ಹಾಳು ಪುಟ ಬರುತ್ತಿತ್ತು. 'ಕೂಲ್‌ವೆಬ್‌ಸರ್ಚ್' ಅಂಥವುಗಳಲ್ಲಿ ಕುಖ್ಯಾತ. ನೆದರ್ಲೆಂಡ್ಸ್‌ನ ವಿದ್ಯಾರ್ಥಿ ಮೆರಿಯನ್ ಬೆಲ್ಲೆಕೊಮ್ 'ಹೈಜಾಕ್‌ದಿಸ್' ಎಂಬ ಪುಟ್ಟ ತಂತ್ರಾಂಶ ಬರೆದ. ಬ್ರೌಸರಿನ ಆರಂಭದ ಪುಟ, ಅದಕ್ಕೆ ಅಂಟಿಕೊಂಡ ಉಪಾಂಗಗಳು, ಕಂಪ್ಯೂಟರ್ ಹೊತ್ತಿಕೊಂಡಾಗ ತಾನಾಗಿ ಏಳುವ ಪ್ರೋಗ್ರಾಂಗಳು, ಎಲ್ಲಕ್ಕೂ ಓ2, ಓ4, ಓ23 ಎಂದು ಗುರುತು ಹಾಕಿ ಅದು ಪಟ್ಟಿ ಕೊಡುತ್ತಿತ್ತು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಮಾತ್ರ ಹೇಳುತ್ತಿರಲಿಲ್ಲ. ರಕ್ತಪರೀಕ್ಷೆಯ ವರದಿಯ ಹಾಗೆ, ಓದಲು ಬಲ್ಲವರು ಬೇಕಿತ್ತು.

ಹೀಗೆ ಲಾಗ್ ಓದುವ ಸ್ವಯಂಸೇವಕರ ದೊಡ್ಡ ಬಳಗವೇ ಬೆಳೆಯಿತು. ಲಾರೆನ್ಸ್ ಏಬ್ರಮ್ಸ್ ಸ್ಥಾಪಿಸಿದ 'ಬ್ಲೀಪಿಂಗ್‌ಕಂಪ್ಯೂಟರ್' ಅಂಥ ತಾಣಗಳಲ್ಲಿ ಒಂದು. ಕೆಲವು ತಾಣಗಳಲ್ಲಿ ತರಬೇತಿ ಮುಗಿಸದವರು ಲಾಗ್‌ಗೆ ಉತ್ತರಿಸುವಂತೆಯೇ ಇರಲಿಲ್ಲ. ಕಲಿಯುತ್ತಿದ್ದವರ ಉತ್ತರವನ್ನು ಗುರುಗಳು ನೋಡಿ ಒಪ್ಪಿದ ಮೇಲೆಯೇ ಕಳಿಸಬೇಕಿತ್ತು. ಸಂಬಳವಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ. ಆದರೂ ಶಿಸ್ತು ಆಸ್ಪತ್ರೆಯದು.

ಅವರ ನಿಯಮಗಳು ಹೊರಗಿನವರಿಗೆ ಬಿರುಸಾಗಿ ಕಾಣುತ್ತಿದ್ದವು, ಪ್ರತಿಯೊಂದಕ್ಕೂ ಕಾರಣವಿತ್ತು. ಒಬ್ಬ ರೋಗಿಗೆ ಒಬ್ಬನೇ ವೈದ್ಯ: ಇಬ್ಬರು ಎರಡು ಮದ್ದು ಕೊಟ್ಟರೆ ಯಾವುದರಿಂದ ಏನಾಯಿತೆಂದು ತಿಳಿಯದು. ಬೇರೆಯವರಿಗೆ ಬರೆದ ಮದ್ದು ನುಂಗಬೇಡಿ: ಅವರ ಯಂತ್ರದಲ್ಲಿ ದುಷ್ಟನಾದ ಫೈಲಿನ ಜಾಗದಲ್ಲಿ ನಿಮ್ಮಲ್ಲಿ ಬೇಕಾದ ಫೈಲ್ ಇರಬಹುದು. ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಹಾಕಿ ಮೇಲಕ್ಕೆ ತರಬೇಡಿ: ಸ್ವಯಂಸೇವಕರು ಉತ್ತರವೇ ಇಲ್ಲದ ಪ್ರಶ್ನೆಗಳನ್ನು ಮೊದಲು ಹುಡುಕುತ್ತಾರೆ, ಒಂದು ಉತ್ತರ ಕಂಡರೆ ಯಾರೋ ನೋಡುತ್ತಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತಾರೆ. ಲಾಗ್‌ನಲ್ಲಿ ಸಾಲುಗಳನ್ನು ಕತ್ತರಿಸಬೇಡಿ: ನಿಮಗೆ ಬೇಡವೆನಿಸಿದ ಸಾಲಿನಲ್ಲೇ ಕಳ್ಳ ಅಡಗಿರಬಹುದು.

ಹೈಜಾಕ್‌ದಿಸ್ 2007ರಲ್ಲಿ ಟ್ರೆಂಡ್ ಮೈಕ್ರೋ ಕಂಪನಿಗೆ ಹೋಯಿತು. ಮುಂದೆ 'ಫಾರ್ಬರ್' ಎಂಬ ಪರಿಶೀಲನಾ ತಂತ್ರಾಂಶ ಆ ಜಾಗಕ್ಕೆ ಬಂತು. ಅದರ ಲಾಗ್ ಇನ್ನೂ ಉದ್ದ, ಇನ್ನೂ ಆಳ. ಕಳೆದ ಒಂದು ತಿಂಗಳಲ್ಲಿ ಯಂತ್ರದಲ್ಲಿ ಹೊಸದಾಗಿ ಬಂದ ಫೈಲುಗಳ ಹೆಸರುಗಳೂ ಅದರಲ್ಲಿ ಬರುತ್ತವೆ.

ಲಾಗ್‌ನೊಳಗೆ ನಾವೇ ಇದ್ದೇವೆ

ಆ ಕೊನೆಯ ಮಾತು ನನಗೆ ಚೆನ್ನಾಗಿ ನೆನಪಿರಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಈ ಊರಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು, ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಒಂದು ಸಹಾಯದ ಗುಂಪಿನಲ್ಲಿ ಇಂಥದೇ ಲಾಗ್ ಹಾಕಿದಳು. ಕೇಳಿದ್ದನ್ನು ಕೇಳಿದ ಹಾಗೆಯೇ, ಪೂರ್ತಿಯಾಗಿ ಕೊಟ್ಟಳು. ಹೊಸ ಫೈಲುಗಳ ಪಟ್ಟಿಯಲ್ಲಿ ರಾಜೀನಾಮೆ ಪತ್ರದ ಕರಡೂ, ಇನ್ನೊಂದು ಕಂಪನಿಯ ಹೆಸರಿನ ಒಪ್ಪಂದವೂ ಇದ್ದವು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ, "ಹೊಸ ಕೆಲಸ ಸಿಕ್ತೇನಮ್ಮಾ? ಒಳ್ಳೇದಾಗ್ಲಿ" ಎಂದು ಬರೆದರು. ಅವಳ ಆಫೀಸಿನವರು ಇಬ್ಬರು ಅದೇ ಗುಂಪಿನಲ್ಲಿದ್ದರು. ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುವ ದೇಶದಲ್ಲಿ ಈ ಸುದ್ದಿ ಒಂದು ವಾರ ಮೊದಲು ಹೊರಬೀಳುವುದೆಂದರೆ ಏನೆಂದು ನಮ್ಮಲ್ಲಿ ಯಾರಿಗೂ ಹೇಳಬೇಕಿಲ್ಲ. ಮರುದಿನ ಅವಳು ಗುಂಪಿನಿಂದ ಹೊರಟುಹೋದಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇಲ್ಲಿ ಆಡಿದ ಮಾತೂ ಸದುದ್ದೇಶದ್ದೇ, ತೂತು ಮಾತ್ರ ಲಾಗ್‌ನದು.

ಲಾಗ್‌ನಲ್ಲಿ ಏನೇನಿರುತ್ತದೆ ಎಂದು ಒಮ್ಮೆ ನೋಡಿ. ಬಳಕೆದಾರರ ಹೆಸರು ಪ್ರತಿ ಫೋಲ್ಡರಿನ ದಾರಿಯಲ್ಲೂ ಇರುತ್ತದೆ. ನಮ್ಮವರಲ್ಲಿ ಅದು ಸಾಮಾನ್ಯವಾಗಿ ಪಾಸ್‌ಪೋರ್ಟಿನಲ್ಲಿ ಇದ್ದಂತೆ, ಅಂದರೆ ಊರಿನ ಹೆಸರು, ತಂದೆಯ ಹೆಸರು ಸಮೇತ. ಅದರ ಜೊತೆ ಐಪಿ ವಿಳಾಸ, ಮನೆಯ ವೈಫೈ ಹೆಸರು, ಇಮೇಲ್, ಕೆಲವೊಮ್ಮೆ ಗುಪ್ತಪದ.

ದೊಡ್ಡ ಕಂಪನಿಗಳೂ ಈ ಪಾಠವನ್ನು ಕಷ್ಟಪಟ್ಟು ಕಲಿತಿವೆ. 2006ರ ಆಗಸ್ಟ್‌ನಲ್ಲಿ ಎಒಎಲ್ ಸಂಶೋಧಕರಿಗೆಂದು ಆರೂವರೆ ಲಕ್ಷ ಬಳಕೆದಾರರ ಸುಮಾರು ಎರಡು ಕೋಟಿ ಹುಡುಕಾಟಗಳ ಲಾಗ್ ಬಿಡುಗಡೆ ಮಾಡಿತು. ಹೆಸರುಗಳ ಬದಲು ಸಂಖ್ಯೆ ಹಾಕಿತ್ತು. ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಕೆಲವೇ ದಿನಗಳಲ್ಲಿ, ಹುಡುಕಿದ ವಿಷಯಗಳನ್ನೇ ಜೋಡಿಸಿ, ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯ ಮನೆಬಾಗಿಲು ತಟ್ಟಿದರು. 2018ರ ಮೇ ತಿಂಗಳಲ್ಲಿ, ಗುಪ್ತಪದಗಳು ಮರೆಯಾಗುವ ಮೊದಲೇ ಒಳಗಿನ ಲಾಗ್ ಒಂದರಲ್ಲಿ ಬರೆಯಲ್ಪಡುತ್ತಿದ್ದವು ಎಂದು ಟ್ವಿಟರ್ ತಿಳಿಸಿ, ತನ್ನ 33 ಕೋಟಿ ಬಳಕೆದಾರರಿಗೂ ಗುಪ್ತಪದ ಬದಲಿಸಲು ಹೇಳಿತು.

ನಮ್ಮ ವಿಷಯಕ್ಕೆ ತೀರ ಹತ್ತಿರದ್ದು 2023ರ ಅಕ್ಟೋಬರಿನ ಘಟನೆ. ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯ ಸಹಾಯ ವಿಭಾಗಕ್ಕೆ ಕಳ್ಳರು ನುಗ್ಗಿದರು. ಅಲ್ಲಿ ಗ್ರಾಹಕರು ದೋಷ ಹುಡುಕಲೆಂದು ಕಳಿಸಿದ್ದ 'ಹಾರ್' ಫೈಲುಗಳಿದ್ದವು. ಬ್ರೌಸರ್ ಮತ್ತು ಸರ್ವರ್ ನಡುವೆ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಅದು. ಲಾಗಿನ್ ಆಗಿರುವುದಕ್ಕೆ ಸಾಕ್ಷಿಯಾದ ಟೋಕನ್ ಕೂಡ ಅದರಲ್ಲಿ ಇರುತ್ತದೆ. ಟೋಕನ್ ಸಿಕ್ಕರೆ ಗುಪ್ತಪದವೇ ಬೇಡ. ಕಳ್ಳರು ಅದನ್ನೇ ಬಳಸಿ ಗ್ರಾಹಕರ ವ್ಯವಸ್ಥೆಗಳಿಗೆ ಕೈ ಹಾಕಿದರು. ಗುರಿಯಾದವರಲ್ಲಿ ಕ್ಲೌಡ್‌ಫ್ಲೇರ್‌ನಂಥ ಭದ್ರತಾ ಕಂಪನಿಗಳೇ ಇದ್ದವು. ಅದಾದ ಮೇಲೆ ಕ್ಲೌಡ್‌ಫ್ಲೇರ್ ಇಂಥ ಫೈಲುಗಳಿಂದ ಗುಟ್ಟುಗಳನ್ನು ತೆಗೆಯುವ ಸಲಕರಣೆಯನ್ನು ಎಲ್ಲರಿಗೂ ಬಿಡುಗಡೆ ಮಾಡಿತು. ಭದ್ರತೆಯೇ ಕಸುಬಾದವರಿಗೆ ಹೀಗಾಗುವುದಾದರೆ ಮನೆಯಲ್ಲಿ ಕೂತ ನಮ್ಮ ಪಾಡೇನು?

ಕಾನೂನೂ ನಿಧಾನವಾಗಿ ಇದೇ ದಾರಿಗೆ ಬಂದಿದೆ. ನಾವಿರುವ ಹೆಸ್ಸೆನ್ ರಾಜ್ಯ 1970ರಲ್ಲಿ ಜಗತ್ತಿನ ಮೊದಲ ದತ್ತಾಂಶ ರಕ್ಷಣೆಯ ಕಾಯ್ದೆ ಮಾಡಿತು. 1983ರ ಡಿಸೆಂಬರ್ 15ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ, ಜನಗಣತಿಯ ಪ್ರಕರಣದಲ್ಲಿ, ತನ್ನ ಮಾಹಿತಿಯ ಮೇಲಿನ ಹಕ್ಕು ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. ಜರ್ಮನ್ ರಾಜಕಾರಣಿ ಪ್ಯಾಟ್ರಿಕ್ ಬ್ರೈಯರ್ ಹೂಡಿದ ದಾವೆಯಲ್ಲಿ 2016ರಲ್ಲಿ ಐರೋಪ್ಯ ನ್ಯಾಯಾಲಯವು, ಬದಲಾಗುತ್ತಿರುವ ಐಪಿ ವಿಳಾಸವೂ, ವ್ಯಕ್ತಿಯನ್ನು ಗುರುತಿಸಲು ಕಾನೂನಿನ ದಾರಿ ಇದ್ದರೆ, ವೈಯಕ್ತಿಕ ಮಾಹಿತಿಯೇ ಎಂದಿತು. ನಮ್ಮೂರಿನ ಪಾಲೂ ಇದರಲ್ಲಿ ಸಣ್ಣದಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ, 98ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಎರಡು ಮರ್ಯಾದೆಗಳ ಜಗಳ

ಈಗ ಗಂಟು ಎಲ್ಲಿದೆ ಎಂದು ಕಾಣುತ್ತದೆ. ಒಂದು ಮರ್ಯಾದೆ, "ಕತ್ತರಿಸಬೇಡಿ, ಪೂರ್ತಿ ಕೊಡಿ" ಎನ್ನುತ್ತದೆ. ಇನ್ನೊಂದು, "ಮುಚ್ಚಿಕೊಂಡು ಕೊಡಿ" ಎನ್ನುತ್ತದೆ. ಮೊದಲನೆಯದು ನೋಡುವವರ ಸಮಯಕ್ಕೆ ಗೌರವ, ಎರಡನೆಯದು ಕೊಡುವವರ ಮಾನಕ್ಕೆ ಗೌರವ. ಎರಡನ್ನೂ ಕಾಪಾಡುವ ದಾರಿ ಇದೆ. ಅದಕ್ಕೆ ಈ ಇತಿಹಾಸವೇ ಸಾಮಗ್ರಿ ಕೊಡುತ್ತದೆ.

ಮೊದಲನೆಯದಾಗಿ, ಅಳಿಸುವ ಬದಲು ಹೆಸರು ಬದಲಿಸಿ. ನಿಮ್ಮ ಹೆಸರಿದ್ದಲ್ಲೆಲ್ಲ 'ಬಳಕೆದಾರ-1' ಎಂದೂ, ಮನೆಯವರ ಹೆಸರಿದ್ದಲ್ಲಿ 'ಬಳಕೆದಾರ-2' ಎಂದೂ ಒಂದೇ ಸಮನೆ ಹಾಕಿ. ಎಲ್ಲ ಕಡೆ ಕಪ್ಪು ಬಳಿದರೆ ಯಾವುದು ಯಾವುದೆಂದು ಓದುವವರಿಗೆ ತಿಳಿಯುವುದಿಲ್ಲ. ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸಗಳೂ ಇವೆ. 1999ರಿಂದ 'ಎಗ್ಸಾಂಪಲ್ ಡಾಟ್ ಕಾಮ್', ಹಾಗೆಯೇ 192.0.2ರಿಂದ ಶುರುವಾಗುವ ಐಪಿ ವಿಳಾಸಗಳು ದಾಖಲೆಗಳಲ್ಲಿ ಬಳಸಲೆಂದೇ ಅಧಿಕೃತವಾಗಿ ಗೊತ್ತುಮಾಡಿದವು. ಏನನ್ನು ಬದಲಿಸಿದ್ದೀರೆಂದು ಮೇಲೆ ಒಂದು ಸಾಲು ಬರೆಯಿರಿ. ಎಒಎಲ್ ಪಾಠ ಮರೆಯದೆ, ಹೆಸರು ಬದಲಿಸಿದ ಮೇಲೂ ಫೈಲುಗಳ ಹೆಸರನ್ನು ಒಮ್ಮೆ ಕಣ್ಣಾಡಿಸಿ.

ಎರಡನೆಯದಾಗಿ, ಗುಪ್ತಪದ ಅಥವಾ ಟೋಕನ್ ಒಮ್ಮೆ ಹೊರಬಿದ್ದರೆ ಅಳಿಸಿ ಪ್ರಯೋಜನವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೂಡಲೇ ಗುಪ್ತಪದ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಆಗಿ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸಿದರೂ ಇಳಿಸಿಕೊಂಡವರ ಫೋನಿನಲ್ಲಿ ಪ್ರತಿ ಉಳಿದಿರುತ್ತದೆ.

ಮೂರನೆಯದಾಗಿ, ಪರದೆಯ ಫೋಟೋಗಿಂತ ಅಕ್ಷರವೇ ಮೇಲು. ಅಕ್ಷರವನ್ನು ಹುಡುಕಬಹುದು, ಮುಚ್ಚಬಹುದು. ಫೋಟೋದಲ್ಲಿ ಪಕ್ಕದ ಕಿಟಕಿಯ ಬ್ಯಾಂಕಿನ ಪುಟವೂ ಬರುತ್ತದೆ. ಇಲ್ಲಿ ನಮ್ಮ ಯಂತ್ರಗಳು ಜರ್ಮನ್‌ನಲ್ಲಿ ದೂರು ಹೇಳುತ್ತವೆ. ಸಂದೇಶದ ಜೊತೆ ದೋಷದ ಸಂಖ್ಯೆ ಕೊಟ್ಟರೆ ಅದು ಯಾವ ಭಾಷೆಯಲ್ಲೂ ಒಂದೇ.

ಉಳಿದದ್ದು ನೋಡುವವರ ಪಾಲಿನ ಮರ್ಯಾದೆ. ಇದರ ಬಗ್ಗೆ ಹಳೆಯ ದಾಖಲೆಗಳು ಹೆಚ್ಚು ಮಾತಾಡಿಲ್ಲ, ನಾವೇ ಬರೆದುಕೊಳ್ಳಬೇಕು. ಬೇಕಾದಷ್ಟನ್ನೇ ಕೇಳಿ. ಪೂರ್ತಿ ಲಾಗ್ ಬೇಕಾದರೆ ಗುಂಪಿನಲ್ಲಿ ಬೇಡ, ಒಬ್ಬರಿಗೇ ಕಳಿಸಲು ಹೇಳಿ. ಲಾಗ್‌ನಲ್ಲಿ ಕಂಡ ಸಂಸಾರದ ವಿಷಯ ಕಂಡಿಲ್ಲವೆಂದೇ ತಿಳಿಯಿರಿ. ಅಭಿನಂದನೆಯೂ ಬೇಡ, ಸಾಂತ್ವನವೂ ಬೇಡ. ಈಚೆಗೆ ಕೃತಕ ಬುದ್ಧಿಮತ್ತೆಗೆ ಲಾಗ್ ಅಂಟಿಸಿ ಉತ್ತರ ಪಡೆಯುವ ಅಭ್ಯಾಸ ಬಂದಿದೆ. 2023ರಲ್ಲಿ ನೌಕರರು ಕಂಪನಿಯ ಗುಟ್ಟುಗಳನ್ನು ಹಾಗೆ ಅಂಟಿಸಿದ್ದು ತಿಳಿದು ಸ್ಯಾಮ್‌ಸಂಗ್ ಅದರ ಬಳಕೆಯನ್ನೇ ನಿರ್ಬಂಧಿಸಿತು. ನಮ್ಮದನ್ನು ನಾವು ಅಂಟಿಸುವುದು ನಮ್ಮ ಇಷ್ಟ. ಇನ್ನೊಬ್ಬರು ನಂಬಿ ಕೊಟ್ಟ ಲಾಗ್ ಅನ್ನು ಅವರನ್ನು ಕೇಳದೆ ಎಲ್ಲಿಗೂ ಒಯ್ಯಬಾರದು.

ಸಮಸ್ಯೆ ಮುಗಿದ ಮೇಲೆ ಎರಡು ಕೆಲಸ ಉಳಿಯುತ್ತವೆ. ಕೇಳಿದವರು ಪರಿಹಾರವನ್ನು ಎರಡು ಸಾಲಿನಲ್ಲಿ ಗುಂಪಿಗೆ ಬರೆಯಲಿ. ಮುಂದಿನ ವರ್ಷ ಬರುವ ಯಾರಿಗೋ ಅದು ಬೇಕಾಗುತ್ತದೆ. ನೋಡಿದವರು ತಮ್ಮಲ್ಲಿರುವ ಲಾಗ್ ಅಳಿಸಿ, "ಅಳಿಸಿದ್ದೇನೆ" ಎಂದು ಹೇಳಲಿ. ಪರಿಹಾರ ಶಾಸನದ ಹಾಗೆ ಉಳಿಯಲಿ, ಲಾಗ್ ಕಡತದ ಹಾಗೆ ಒರೆಸಿಹೋಗಲಿ.